ಗಂಟಿನ ಸುತ್ತ ಪೆನ್ಸಿಲ್ ಗೆರೆ

ಫೆರ್ಮಿನ್ ಗಿಟಾರಿನ ದಪ್ಪ ತಂತಿಯ ಒಂದು ತುದಿಯನ್ನು ಮಾವನ ನೆತ್ತಿಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಪಾದದ ಕಡೆಗೆ ಎಳೆದ. ತಂತಿ ಸೊಂಟದ ಕೆಳಗೆ ಬಂದು ಮುಗಿಯಿತು. ಅದಕ್ಕೆ ಇನ್ನೊಂದು ತಂತಿ ಕಟ್ಟಿ ಮತ್ತೆ ಎಳೆದ. ಆ ಮನೆಯಲ್ಲಿ ಅಳತೆಯ ಟೇಪಿಗಿಂತ ತಂತಿಯೇ ಬೇಗ ಕೈಗೆ ಸಿಗುತ್ತಿತ್ತು.

"ಅಂಗಡಿಯ ದೊಡ್ಡ ಪೆಟ್ಟಿಗೇನೂ ಒಂದು ಗೇಣು ಕಮ್ಮಿ ಬೀಳುತ್ತೆ ಅತ್ತೆ," ಅಂದ. "ಮಂಡಿ ಸ್ವಲ್ಪ ಮಡಿಸಿದ್ರೆ ಹಿಡಿಯುತ್ತೆ ಅಂತಾನೆ ಅಂಗಡಿಯವನು."

ಎರ್ಲಿಂದಾ ಗಂಡನ ತಲೆಯ ಬಳಿ ಕೂತು ಮೇಣದ ಬತ್ತಿಯ ಕರಿ ಕತ್ತರಿಸುತ್ತಿದ್ದಳು. ಕಣ್ಣೆತ್ತಲಿಲ್ಲ. "ಎಂಬತ್ತು ವರ್ಷ ಯಾರ ಮುಂದೇನೂ ಮಂಡಿ ಬಗ್ಗಿಸಿದೋರಲ್ಲ. ಈಗ ಪೆಟ್ಟಿಗೆ ಮುಂದೆ ಬಗ್ಗಿಸ್ಬೇಕಾ?"

"ಪೂಜೇಲೂ ಬಗ್ಗಿಸ್ತಿರಲಿಲ್ಲ ಬಿಡು," ಎಂದಳು ಪಕ್ಕದ ಮನೆಯ ತಾರ್ಸಿಲಾ, ದಾಲ್ಚಿನ್ನಿ ಹಾಕಿದ ಕಾಫಿಯ ಮಣ್ಣಿನ ಲೋಟಗಳನ್ನು ಹಂಚುತ್ತ. "ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಉಪದೇಶ ಎಲ್ಲಿ ಜಾರಿತು ಅಂತ ಪಾದ್ರಿಗಳಿಗೇ ಹೇಳಿ ಬರ್ತಿದ್ರು."

ಒಂದಿಬ್ಬರು ನಕ್ಕರು. ಸತ್ತವನ ಮನೆಯಲ್ಲಿ ನಗಬಾರದು ಎಂಬ ಕಟ್ಟಳೆ ನಮ್ಮ ಬೀದಿಯಲ್ಲಿಲ್ಲ. ಗೌದೆನ್ಸಿಯೊ ಸಲಾಪಾ ಹಿಂದಿನ ದಿನ ಬೆಳಗ್ಗೆ, ಕೆಲಸಕ್ಕೆ ಕೈ ಹಚ್ಚುವ ಮುಂಚೆ, ತನ್ನ ಮೇಜಿನ ಮುಂದೆ ಕೂತಲ್ಲೇ ಹೋಗಿಬಿಟ್ಟಿದ್ದ. ಕಾಫಿ ತೆಗೆದುಕೊಂಡು ಹೋದ ಎರ್ಲಿಂದಾ ಎರಡು ಸಲ ಕರೆದು, ಮೂರನೆಯ ಸಲ ಕರೆಯದೆ ಲೋಟ ಕೆಳಗಿಟ್ಟಳಂತೆ. ಈ ದಿನ ಸಂಜೆ ನಾಲ್ಕಕ್ಕೆ ಮಣ್ಣು.

ನಮ್ಮೂರು ಪರಾಚೋದಲ್ಲಿ ಮರಕ್ಕೇನು ಬರವಿಲ್ಲ. ಎರಡು ಮನೆಗೊಂದು ಮನೆಯಲ್ಲಿ ಗಿಟಾರು ಮಾಡುತ್ತಾರೆ. ಆದರೆ ಇಲ್ಲಿನ ಮರವೆಲ್ಲ ಗಿಟಾರಿನ ಅಳತೆಗೆ ಕೊಯ್ದು ಪೇರಿಸಿದ ಮರ. ಮೊಳಕ್ಕಿಂತ ಸ್ವಲ್ಪ ಉದ್ದ, ಗೇಣಗಲ. ಆಳುದ್ದದ ಒಣ ಹಲಗೆ ಬೇಕೆಂದರೆ ಇಡೀ ಊರಿಗೆ ಒಂದೇ ಅಟ್ಟ. ಅದು ಯಾರ ಅಟ್ಟ ಎನ್ನುವುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಅವನ ಹೆಸರು ಎತ್ತಬೇಡಿ," ಎಂದಳು ಎರ್ಲಿಂದಾ. ಯಾರೂ ಎತ್ತಿರಲಿಲ್ಲ. "ಹೋದ ವರ್ಷ ಸತ್ತವರ ಹಬ್ಬಕ್ಕೆ ಸಮಾಧಿ ತೊಳೆಯೋವಾಗ ಇವರು ನನ್ನ ಕೈಲಿ ಮಾತು ತಗೊಂಡಿದ್ದಾರೆ. ಮರದ ಗಂಟು ಮುಚ್ಚೋ ಕೈ ನನ್ನ ಪೆಟ್ಟಿಗೆ ಹೊರಬಾರದು ಅಂತ. ಹೊರೋದೇ ಬೇಡ ಅಂದ್ಮೇಲೆ ಮಾಡೋದು ದೂರದ ಮಾತು. ಉರುವಾಪಾನ್‌ಗೆ ಹೋಗಿ ಮಾಡಿಸ್ಕೊಂಡು ಬನ್ನಿ."

ಅಡುಗೆಮನೆಯಲ್ಲಿ ಎರ್ಲಿಂದಾಳ ಮಗಳು ಅಮಾಲಿಯಾ ಗಂಡ ಫೆರ್ಮಿನ್‌ನನ್ನು ತೋಳು ಹಿಡಿದು ನಿಲ್ಲಿಸಿದಳು. "ಉರುವಾಪಾನ್‌ಗೆ ಹೋಗಿ ಮಾಡಿಸಿ ತರೋ ಹೊತ್ತಿಗೆ ನಾಳೆ ಆಗುತ್ತೆ. ಚಿಕ್ಕಪ್ಪನ ಹತ್ರ ಹೋಗು. ಅಮ್ಮನಿಗೆ ಉರುವಾಪಾನ್‌ದು ಅಂತ ಹೇಳಿದ್ರೆ ಆಯ್ತು."

"ನಿಮ್ಮಪ್ಪ ಜೀವಮಾನದಲ್ಲಿ ಒಂದು ಸುಳ್ಳು ಹೇಳಲಿಲ್ಲ. ಅವರ ಪೆಟ್ಟಿಗೇನೇ ಸುಳ್ಳು ಹೇಳಿ ತರೋದಾ?"

"ಅವರು ಯಾರ ಒಂದು ಸುಳ್ಳನ್ನೂ ಕ್ಷಮಿಸದೆ ಕೂತದ್ದಕ್ಕೇ ಈಗ ಪೆಟ್ಟಿಗೆ ಇಲ್ಲದೆ ಮಲಗಿರೋದು. ಹೋಗು."

*

ಮರ ಅಂದ ಮೇಲೆ ಗುರುತು ಇದ್ದೇ ಇರುತ್ತದೆ. ಕೊಂಬೆ ಹುಟ್ಟಿದ ಕಡೆ ಗಂಟು, ರಾಳ ಕಟ್ಟಿದ ಕಡೆ ಕಂದು ಗೆರೆ, ಎಲ್ಲೋ ಒಂದು ಕಡೆ ಸುರುಳಿ ಸುತ್ತಿದ ಎಳೆ. ನಾದಕ್ಕೆ ಇವುಗಳಿಂದ ಏನೂ ಆಗುವುದಿಲ್ಲ. ಆದರೆ ಹೊಸ ಗಿಟಾರು ಕೊಳ್ಳಲು ಬಂದವರಿಗೆ ಅದರ ಮುಖದ ಮೇಲೆ ಮಚ್ಚೆ ಇರಬಾರದು. ಅದಕ್ಕೆ ನಮ್ಮವರು ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಗಂಟಿಗೆ ಮೆತ್ತುತ್ತಾರೆ. ಇಲ್ಲವೇ ಗಾಢ ಬಣ್ಣ ಹೊಡೆಯುತ್ತಾರೆ. ಮೋಸ ಎಂದು ಯಾರೂ ಅನ್ನುವುದಿಲ್ಲ. ಮದುವೆ ಹೆಣ್ಣಿಗೆ ಪೌಡರು ಹಚ್ಚಿದ ಹಾಗೆ ಎನ್ನುತ್ತಾರೆ.

ಗೌದೆನ್ಸಿಯೊ ಮಾತ್ರ ಪ್ರತಿ ಗುರುತಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಗೆರೆ ಎಳೆಯುತ್ತಿದ್ದ. ಗಿರಾಕಿ ಬಂದರೆ ಮೊದಲು ತೋರಿಸುವುದು ಅದನ್ನೇ. "ಇಲ್ಲಿ ಒಂದು ಗಂಟಿದೆ. ಕಿವಿಗೆ ಏನೂ ಇಲ್ಲ, ಕಣ್ಣಿಗೆ ಮಾತ್ರ. ಒಪ್ಪಿದ್ರೆ ಸರಿ, ಇಲ್ಲಾ ಬೇರೆ ನೋಡಿ." ಒಪ್ಪಿದ ಮೇಲೆ ಗೆರೆ ಅಳಿಸಿ, ಎರ್ಲಿಂದಾಳ ಕೈಗೆ ಪಾಲಿಶ್‌ಗೆ ಕೊಡುತ್ತಿದ್ದ. ಅರ್ಧಕ್ಕರ್ಧ ಜನ ಒಪ್ಪದೆ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಆ ಅಂಗಡಿಯಲ್ಲಿ ಅಂಥದೇ ಮರದ ಅಂಥದೇ ಗಂಟು ಬಣ್ಣ ಹಚ್ಚಿಕೊಂಡು ಕಾಯುತ್ತಿತ್ತು.

ಈ ಅಭ್ಯಾಸ ಮರಕ್ಕಷ್ಟೇ ನಿಂತಿದ್ದರೆ ಮನೆಯವರು ಬದುಕಿಕೊಳ್ಳುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ನೆಂಟರ ಮುಂದೆಯೇ ಹೇಳುತ್ತಿದ್ದ. ಫೆರ್ಮಿನ್ ಹೆಣ್ಣು ಕೇಳಲು ಬಂದ ದಿನ ಅವನ ಸುತ್ತ ಒಂದು ಸುತ್ತು ಬಂದು, "ಎಡಗಣ್ಣು ಸ್ವಲ್ಪ ಓರೆ. ಕೆಲಸಕ್ಕೆ ಅಡ್ಡಿಯಿಲ್ಲ," ಎಂದಿದ್ದ. ಅದು ಒಪ್ಪಿಗೆ ಎಂದು ತಿಳಿಯಲು ಫೆರ್ಮಿನ್‌ಗೆ ಒಂದು ವಾರ ಹಿಡಿಯಿತು.

ತನ್ನನ್ನೂ ಅವನು ಬಿಟ್ಟಿರಲಿಲ್ಲ. ಎರ್ಲಿಂದಾಳ ಅಪ್ಪನ ಮುಂದೆ ಕೈಕಟ್ಟಿ ನಿಂತು ಹೇಳಿದ್ದಿಷ್ಟು: "ದವಡೆ ಹಲ್ಲು ಎರಡಿಲ್ಲ. ಕೋಪ ಜಾಸ್ತಿ. ತಮ್ಮ ಒಬ್ಬನಿದ್ದಾನೆ, ಅವನನ್ನ ಬಿಟ್ಟಿರಲಾರೆ, ಅವನು ಜೊತೆಗೇ ಇರ್ತಾನೆ."

*

ತಮ್ಮ ನಬೋರನ ವರ್ಕ್‌ಶಾಪಿಗೂ ಅಣ್ಣನದಕ್ಕೂ ನಡುವೆ ಇದ್ದದ್ದು ಒಂದು ಇಟ್ಟಿಗೆಯ ಗೋಡೆ. ಬಾಗಿಲಿನಿಂದ ಬಾಗಿಲಿಗೆ ಆರು ಹೆಜ್ಜೆ. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಫೆರ್ಮಿನ್ ಹಿತ್ತಲು ಬಳಸಿ, ಮೂರು ಮನೆ ಸುತ್ತಿ ಹೋದ.

ನಬೋರ್ ಅಟ್ಟದಿಂದ ಹಲಗೆಗಳನ್ನು ಆಗಲೇ ಇಳಿಸಿಕೊಂಡಿದ್ದ. ಎಪ್ಪತ್ತಮೂರು ವರ್ಷದ ಗಿಡ್ಡ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು. ಅವನ ಹಳೆಯ ಕೆಲಸಗಾರ ಚೆಪೆ ಮರ ಹೆರೆಯುವ ಹತ್ತರಿಯ ಅಲಗು ಮಸೆಯುತ್ತಿದ್ದ. ಫೆರ್ಮಿನ್ ಗಂಟು ಹಾಕಿದ ತಂತಿಯನ್ನು ಮುಂದೆ ಚಾಚಿದ.

"ಅಳತೆ ಬೇಡ," ಅಂದ ನಬೋರ್. "ಅವನ ಹಳೇ ಪ್ಯಾಂಟು ಮಡಿಸಿ ಮಡಿಸಿ ಹಾಕ್ಕೊಂಡು ದೊಡ್ಡೋನಾಗಿದ್ದೀನಿ. ಎಷ್ಟುದ್ದ ಅಂತ ನನಗೆ ಗೊತ್ತು."

"ಯಾರು ಹೇಳಿದ್ರು ನಿಮಗೆ, ಪೆಟ್ಟಿಗೆ ಸಿಗಲಿಲ್ಲ ಅಂತ?"

"ಯಾರು ಹೇಳ್ಬೇಕು. ಅವನುದ್ದಕ್ಕೆ ಅಂಗಡಿ ಪೆಟ್ಟಿಗೆ ಆಗಲ್ಲ. ಅವನು ಹೋದದ್ದೂ ನಿನ್ನೆ ಇಗರ್ಜಿ ಗಂಟೆ ಹೊಡೆಯೋಕ್ಕೆ ಮುಂಚೆನೇ ಗೊತ್ತಿತ್ತು ನನಗೆ. ಗೋಡೆ ಆ ಕಡೆ ಹಲಗೆ ತಟ್ಟಿದ ಸದ್ದು ಬರಲಿಲ್ಲ." ಅವನು ಒಂದು ಹಲಗೆಯನ್ನು ಮೇಜಿನ ಮೇಲೆ ಎಳೆದುಕೊಂಡ. ಅದರ ಎದೆಯಲ್ಲೇ ಮೊಟ್ಟೆಯ ಹಳದಿಯಷ್ಟು ದೊಡ್ಡ ಕಪ್ಪು ಗಂಟು.

"ಮುಚ್ಚಳಕ್ಕೆ ಇದಾ?" ಎಂದ ಚೆಪೆ. "ಒಳ್ಳೇದು ಎರಡಿವೆಯಲ್ಲೋ."

"ಇದೇ."

"ಹಂಗಾದ್ರೆ ಹತ್ತು ನಿಮಿಷ ಕೊಡು. ಹೊಟ್ಟು ಕಲಸಿ ಇಟ್ಟಿದ್ದೀನಿ, ತುಂಬಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಅದನ್ನ ನನಗೆ ಬಿಡು. ನೀನು ಮುಚ್ಚಳಾನ ಒಳಗಡೆಯಿಂದ ಗಟ್ಟಿ ಮಾಡು, ಸಾಕು."

ಫೆರ್ಮಿನ್ ಹೊರಟು ಬಾಗಿಲು ದಾಟುವಾಗ ನಬೋರ್ ಕರೆದ. ಮುಖ ಎತ್ತದೆ, ಹಲಗೆಯನ್ನು ಅಂಗೈಯಲ್ಲಿ ಸವರುತ್ತ ಕೇಳಿದ. "ಹೊರೋಕೆ ನಾಲ್ಕು ಜನ ಆಗಿದ್ದಾರಾ?"

"ಮೂರು ಜನ ಇದ್ದೀವಿ. ನಾಲ್ಕನೆಯವರು ಯಾರು ಅಂತ ಅತ್ತೆ ಇನ್ನೂ ಹೇಳಿಲ್ಲ."

"ಒಂದು ಮೂಲೆ ನನಗೆ ಕೊಡ್ತಾರಾ ಕೇಳ್ತೀಯಾ? ಕಾಲ ಕಡೆಯಾದ್ರೂ ಸರಿ. ಬೀದಿ ತುದಿವರೆಗಾದ್ರೂ ಸರಿ."

ಫೆರ್ಮಿನ್‌ಗೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಅತ್ತೆ ಮಾತು ಕೊಟ್ಟುಬಿಟ್ಟಿದ್ದಾರೆ ಚಿಕ್ಕಪ್ಪ. ಗಂಟು ಮುಚ್ಚೋ ಕೈ ಹೊರಬಾರದು ಅಂತ."

ನಬೋರ್ ತಲೆಯಾಡಿಸಿ ಹತ್ತರಿ ಎತ್ತಿಕೊಂಡ.

*

ಇಪ್ಪತ್ತೆರಡು ವರ್ಷದ ಹಿಂದೆ ಆ ಗೋಡೆ ಇರಲಿಲ್ಲ. ಅಣ್ಣತಮ್ಮ ಒಂದೇ ಮೇಜಿನ ಆಚೆ ಈಚೆ ಕೂತು ಕೆಲಸ ಮಾಡುತ್ತಿದ್ದರು.

ಒಂದು ದಿನ ಸಮೋರಾದಿಂದ ರೊಸೌರಾ ಎಂಬ ಶಾಲೆಯ ಟೀಚರು ಬಂದಳು. ಹಾಸಿಗೆ ಹಿಡಿದಿದ್ದ ಅಪ್ಪನಿಗೆ ಅವನ ಹೆಸರಿನ ಸಂತರ ಹಬ್ಬಕ್ಕೆ ಗಿಟಾರು ಕೊಡಬೇಕೆಂದು ಅವಳ ಆಸೆ. ಹಬ್ಬಕ್ಕೆ ಎಂಟು ದಿನವಿತ್ತು. ಪಾಲಿಶ್‌ಗೆ ಸಿದ್ಧವಾಗಿದ್ದದ್ದು ಒಂದೇ ಒಂದು. ಕೈಗೆ ಸಿಕ್ಕರೆ ಬಿಡಲು ಮನಸ್ಸಾಗದಂಥ ನಾದ. ಗೌದೆನ್ಸಿಯೊ ಎಂದಿನಂತೆ ಗೆರೆ ತೋರಿಸಿದ. ಅವಳು ಗಂಟನ್ನು ನೋಡಿದಳು, ಬೆರಳಿನಿಂದ ಮುಟ್ಟಿದಳು.

"ಹೊಸದರ ಮೇಲೇ ಕಲೆ ಅಂದ್ರೆ ಅಪ್ಪ ನೊಂದ್ಕೋತಾರೇನೋ."

"ಹಂಗಾದ್ರೆ ಮೂರು ತಿಂಗಳು ಕಾಯಮ್ಮ."

ಅವಳು ಕಣ್ಣು ಒರೆಸಿಕೊಂಡು ಹೋದದ್ದನ್ನು ನಬೋರ್ ನೋಡಿದ. ಮಾರನೆಯ ದಿನ ಅಣ್ಣ ತಂತಿ ತರಲು ಉರುವಾಪಾನ್‌ಗೆ ಹೋಗಿದ್ದಾಗ, ಹೊಟ್ಟು ಕಲಸಿ ಗಂಟು ತುಂಬಿದ. ಒಂದೆಳೆಯ ಕುಂಚದಲ್ಲಿ ಅದರ ಮೇಲೆ ಮರದ ಎಳೆಗಳನ್ನು ಬಿಡಿಸಿದ. ಆ ಕೆಲಸದಲ್ಲಿ ಅವನಷ್ಟು ನಿಪುಣ ಊರಿನಲ್ಲಿ ಇನ್ನೊಬ್ಬನಿಲ್ಲ. ತಾನೇ ಪಾಲಿಶ್ ಮಾಡಿ, ಬಸ್ಸು ಹತ್ತಿ ಸಮೋರಾಕ್ಕೆ ಹೋಗಿ, "ಇದು ಬೇರೆ ಗಿಟಾರು, ಅಣ್ಣ ಕಳಿಸಿದ," ಎಂದು ಕೊಟ್ಟು ಬಂದ. ಮನೆಯಲ್ಲಿ, ಯಾರೋ ಮೊರೇಲಿಯಾದವರು ಕೊಂಡುಹೋದರು ಎಂದ.

ಹತ್ತು ತಿಂಗಳ ಮೇಲೆ ರೊಸೌರಾ ಅದನ್ನು ತಂದು ಮೇಜಿನ ಮೇಲಿಟ್ಟಳು. ತುಂಬಿದ್ದು ಒಣಗಿ ಉದುರಿ, ಗಂಟೂ ಅದರ ಜೊತೆ ಕಿತ್ತು ಬಂದು, ಕಿರುಬೆರಳು ಹೋಗುವಷ್ಟು ತೂತಾಗಿತ್ತು. "ಅಪ್ಪ ಸಾಯೋವಾಗ ಇದು ಅವರ ಮಗ್ಗುಲಲ್ಲಿತ್ತು," ಎಂದಳು. "ಅವತ್ತು ಬೇಡ ಅಂದಿದ್ದನ್ನೇ ನನಗೆ ಕೊಟ್ಟಿದ್ದೀರಿ. ಒಳಗೆ ನಿಮ್ಮ ಹೆಸರಿನ ಚೀಟಿ ಇದೆ, ಅದನ್ನ ಓದಿ ನಂಬಿದ್ದೆ."

ಗೌದೆನ್ಸಿಯೊ ಹೊಸ ಹಲಗೆ ಹಾಕಿ ಕೊಡಲು ಐದು ವಾರ ತೆಗೆದುಕೊಂಡ. ಅವಳು ಗಿಟಾರು ತೆಗೆದುಕೊಂಡು ಹೋದ ದಿನ ತಮ್ಮನನ್ನು ಕೇಳಿದ.

"ಯಾಕೆ ಮಾಡಿದೆ?"

"ಆ ಹುಡುಗಿ ಅಳ್ತಾ ಹೋದಳು ಅಣ್ಣ. ಅದರ ನಾದ ಏನೂ ಕೆಟ್ಟಿರಲಿಲ್ಲವಲ್ಲ."

"ಕೆಟ್ಟಿರಲಿಲ್ಲ. ಅದೇ ನಾನು ಕೇಳ್ತಿರೋದು. ಕೆಡದೇ ಇದ್ದಿದ್ದನ್ನ ಯಾಕೆ ಮುಚ್ಚಿದೆ?"

ಆ ತಿಂಗಳೇ ಗೋಡೆ ಎದ್ದಿತು. ಅಪ್ಪನ ಕಾಲದ ಉದ್ದ ಹಲಗೆಗಳನ್ನು ಪಾಲು ಮಾಡುವಾಗ ಗೌದೆನ್ಸಿಯೊ ದೊಡ್ಡ ಗಂಟಿನ ಒಂದು ಹಲಗೆಯನ್ನು ಕಾಲಿನಿಂದ ತಮ್ಮನ ಕಡೆಗೆ ತಳ್ಳಿದ. "ಇದು ನಿನಗೇ ಸರಿ. ಮುಚ್ಚಿ ಮಾರ್ಕೋ." ನಬೋರ್ ಅದನ್ನು ಅಟ್ಟಕ್ಕೆ ಏರಿಸಿದ; ಅಣ್ಣ ತನ್ನ ಪಾಲನ್ನು ಗಿಟಾರಿನ ಅಳತೆಗೆ ಕೊಯ್ದುಕೊಂಡ. ಅಣ್ಣ ತಮ್ಮನೊಡನೆ ಆಡಿದ ಕೊನೆಯ ಮಾತು ಅದು.

ಮಾತಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಐದು ವರ್ಷದ ಹಿಂದೆ ಗೌದೆನ್ಸಿಯೊಗೆ ಕಿವಿ ಮಂದವಾಯಿತು. ಬೆಳಗ್ಗೆ ಹೊಸ ಹಲಗೆಯನ್ನು ಕಿವಿಯ ಬಳಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದರೆ ಅದು ಏನು ಹೇಳುತ್ತದೆಂದು ತಿಳಿಯದಾಯಿತು. ಒಂದು ದಿನ ಒಂದೇ ಹಲಗೆಯನ್ನು ಹತ್ತಾರು ಸಲ ತಟ್ಟುತ್ತ ಕೂತಿದ್ದಾಗ ಗೋಡೆಯ ಆ ಕಡೆಯಿಂದ ಎರಡು ಏಟು ಬಿದ್ದವು. ಮುಂದಿನ ಹಲಗೆಗೆ ಒಂದೇ ಏಟು. ಎರಡಾದರೆ ಒಳ್ಳೆಯದು, ಒಂದಾದರೆ ಎಸೆ. ಅಂದಿನಿಂದ ಅವನು ಗೋಡೆಗೆ ಹತ್ತಿರ ಕೂತು ತಟ್ಟುತ್ತಿದ್ದ, ಗೋಡೆಗೆ ಕೈಯಿಟ್ಟು ಕಾಯುತ್ತಿದ್ದ.

ಎರ್ಲಿಂದಾ ಒಮ್ಮೆ ಕೆಣಕಿದಳು. "ಮಾತು ಬಿಟ್ಟಿದ್ದೀನಿ ಅಂತೀರಿ, ಇದೇನು ಮತ್ತೆ?"

"ನಾನೇನು ಅವನನ್ನ ಕೇಳಿದ್ನಾ? ಗೋಡೆಗೆ ಎರಡು ಮುಖ. ಆ ಕಡೇದು ಅವನದು, ಏನಾದ್ರೂ ಮಾಡ್ಕೊಳ್ಳಿ."

*

ಮೂರು ಗಂಟೆಗೆ ಫೆರ್ಮಿನ್ ಮತ್ತು ಚೆಪೆ ಪೆಟ್ಟಿಗೆಯನ್ನು ತಂದು ಅಂಗಳದಲ್ಲಿ ಎರಡು ಸ್ಟೂಲುಗಳ ಮೇಲಿಟ್ಟರು. ಮೇಲೆ ಹಾಸಿದ್ದ ಬಿಳಿ ಬಟ್ಟೆ ತೆಗೆಯದೆ ಮುಚ್ಚಳವನ್ನು ಗೋಡೆಗೆ ಒರಗಿಸಿದರು. ಗೌದೆನ್ಸಿಯೊನನ್ನು ಎತ್ತಿ ಮಲಗಿಸಿದಾಗ ಕಾಲು ನೀಟಾಗಿ ಚಾಚಿಕೊಂಡಿತು.

"ಉರುವಾಪಾನ್‌ನವರು ಅಳತೆ ಸರಿಯಾಗಿ ಹಿಡಿದಿದ್ದಾರೆ," ಎಂದಳು ತಾರ್ಸಿಲಾ, ಎಲ್ಲ ಗೊತ್ತಿದ್ದೂ.

ಎರ್ಲಿಂದಾ ಕೋಣೆಯಿಂದ ಬಂದು ಪೆಟ್ಟಿಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದಳು. ನಲವತ್ತು ವರ್ಷ ಅರಗಿನ ಪಾಲಿಶ್ ತಿಕ್ಕಿದ ಬೆರಳು. ಅದಕ್ಕೆ ಕಣ್ಣಿಗಿಂತ ಹೆಚ್ಚು ಕಾಣುತ್ತಿತ್ತು. ಆಮೇಲೆ ಗೋಡೆಯ ಬಳಿ ಹೋಗಿ ಮುಚ್ಚಳದ ಹಿಂದೆ ಕೈ ತೂರಿಸಿದಳು. ಕೈ ಅಲ್ಲೇ ನಿಂತಿತು.

"ತಿರುಗಿಸು," ಎಂದಳು ಅಳಿಯನಿಗೆ.

ತಿರುಗಿಸಿದ. ಒಳಮೈಯಲ್ಲಿ ಏಳು ತೆಳ್ಳನೆಯ ಪಟ್ಟಿಗಳು, ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿ ಅಂಟಿಸಿದವು. ಗಿಟಾರಿನ ಹಲಗೆಯ ಬೆನ್ನಿಗೆ, ನಾದ ಬಿಚ್ಚಿಕೊಳ್ಳಲೆಂದು ಕೊಡುವ ಪಟ್ಟಿಗಳು. ಅವುಗಳ ತುದಿಯನ್ನು ಉಳಿಯಿಂದ ಇಳಿಜಾರು ಬೇರೆ ಮಾಡಿತ್ತು. ಅಂಗಳದಲ್ಲಿದ್ದವರೆಲ್ಲ ಅದೇ ಕಸುಬಿನವರು. ಒಬ್ಬೊಬ್ಬರಾಗಿ ಚೆಪೆಯ ಕಡೆ ನೋಡಿದರು.

"ಉರುವಾಪಾನ್‌ನಲ್ಲಿ ಹೆಣದ ಪೆಟ್ಟಿಗೆಗೆ ಶ್ರುತಿ ಬೇರೆ ಕೂರಿಸ್ತಾರಾ?" ಎಂದಳು ಎರ್ಲಿಂದಾ.

ಚೆಪೆ ಟೋಪಿ ತೆಗೆದು ಕೈಯಲ್ಲಿ ಹಿಸುಕಿದ. "ಗಟ್ಟಿ ಮಾಡು ಅಂದ. ಕೈ ಅಭ್ಯಾಸ, ಎರ್ಲಿಂದಮ್ಮ. ಅಂಟಿಸಿದ ಮೇಲೇನೇ ಗೊತ್ತಾಗಿದ್ದು."

ಎರ್ಲಿಂದಾ ಮಗಳ ಕಡೆ ತಿರುಗಿದಳು. "ನೀನು ಕಳಿಸಿದ್ದಾ?"

"ಹೌದಮ್ಮ. ಅಪ್ಪನ ಮಂಡಿ ಮುರಿದು ಮಲಗಿಸೋದು ಬೇಡ ಅಂತ."

ಬೀದಿಯ ಬಾಗಿಲು ತೆರೆದಿತ್ತು. ಹೊಸ್ತಿಲಿನ ಆಚೆ ನಬೋರ್ ನಿಂತಿದ್ದ. ಮದುವೆಗೆ ಹೊಲಿಸಿದ ಕರಿ ಕೋಟು ಹಾಕಿದ್ದ. ಕಿವಿಯ ಮೇಲಿನ ಪೆನ್ಸಿಲು ತೆಗೆಯಲು ಮರೆತಿದ್ದ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವನೂ ಕಾಲು ಎತ್ತಿಡಲಿಲ್ಲ.

ಎರ್ಲಿಂದಾ ಅವನನ್ನು ನೋಡಿದಳು. ತಾರ್ಸಿಲಾಳ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡು, ಮುಚ್ಚಳವನ್ನು ಮತ್ತೆ ತಿರುಗಿಸಿ, ಬಿಳಿ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ, ಮೇಲಿನಿಂದ ಕೆಳಗೆ ಒರೆಸತೊಡಗಿದಳು. ತುಂಬಿದ ಜಾಗ ಎಷ್ಟೇ ನಾಜೂಕಾಗಿದ್ದರೂ ನೀರು ಕುಡಿಯುವುದಿಲ್ಲ; ಸುತ್ತಲಿನ ಮರ ಕಪ್ಪಾದಾಗ ಅದೊಂದು ಬಿಳಚಿಕೊಂಡು ಉಳಿಯುತ್ತದೆ. ನಬೋರನ ಕೈಚಳಕವನ್ನು ಹಿಡಿಯಲು ಇದ್ದ ದಾರಿ ಇದೊಂದೇ. ತಲೆಯ ಭಾಗ ಮುಗಿಯಿತು. ಎಲ್ಲೂ ಬಿಳಚು ಕಾಣಲಿಲ್ಲ. ಒದ್ದೆ ಬಟ್ಟೆ ಎದೆಯ ಭಾಗಕ್ಕೆ ಬಂತು, ಅಲ್ಲಿ ನಿಂತಿತು.

ಗಂಟು ಹಾಗೇ ಇತ್ತು. ಮೆತ್ತಿಲ್ಲ, ಬಣ್ಣವಿಲ್ಲ, ಒಳಮೈಗೆ ತಿರುಗಿಸಿಯೂ ಇಲ್ಲ. ಕಪ್ಪಗೆ, ಅಂಚಿನಲ್ಲಿ ಸಣ್ಣ ಸೀಳಿನೊಡನೆ, ಎಲ್ಲರಿಗೂ ಕಾಣುವಂತೆ. ಅದರ ಸುತ್ತ ಪೆನ್ಸಿಲಿನ ಒಂದು ಗೆರೆ. ಗೆರೆ ತುಸು ವಕ್ರವಾಗಿತ್ತು.

ಎರ್ಲಿಂದಾ ಆ ಹಲಗೆಯನ್ನು ಗುರುತಿಸಿದಳು. ಇಪ್ಪತ್ತೊಂದು ವರ್ಷದ ಹಿಂದೆ ಅದು ನೆಲದ ಮೇಲೆ ಜಾರಿಕೊಂಡು ಹೋದದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಅವಳಿಗೆ ದುಃಖ ಬಂತು. ನಿನ್ನೆ ಬೆಳಗ್ಗೆಯಿಂದ ಬಾರದೆ ಇದ್ದದ್ದು ಈಗ ಬಂತು. ಒದ್ದೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು.

"ಇಷ್ಟು ವರ್ಷ ಇದನ್ನ ಮಾರಲಿಲ್ವಾ?" ಎಂದು ಬಾಗಿಲಿನ ಕಡೆಗೆ ಕೇಳಿದಳು.

"ಇಲ್ಲ ಅತ್ತಿಗೆ."

"ತುಂಬೋದಿಕ್ಕೆ ಹತ್ತು ನಿಮಿಷ ಸಾಕಾಗಿತ್ತಲ್ಲ ನಿನಗೆ."

"ಐದು ಸಾಕು." ನಬೋರ್ ಪೆಟ್ಟಿಗೆಯಲ್ಲಿದ್ದ ಅಣ್ಣನ ಕಡೆ ನೋಡಿದ. "ಅವನಿಗೆ ಮೊದಲು ತೋರಿಸ್ಬೇಕು ಅನ್ನಿಸ್ತು."

ಎರ್ಲಿಂದಾ ಬಟ್ಟೆಯನ್ನು ಮಡಿಸಿ ತಾರ್ಸಿಲಾಳ ಕೈಗೆ ಕೊಟ್ಟಳು. "ಫೆರ್ಮಿನ್, ನಾಲ್ಕನೇ ಮೂಲೆ ಇನ್ನೂ ಖಾಲಿ ಇದೆಯಲ್ಲ. ಚಿಕ್ಕಪ್ಪನ್ನ ಕರಿ."

"ಅತ್ತೆ, ನೀವು ಕೊಟ್ಟ ಮಾತು?"

"ಗಂಟು ಮುಚ್ಚೋ ಕೈ ಹೊರಬಾರದು ಅಂದಿದ್ರು. ಇದು ಮುಚ್ಚಿದೆಯಾ? ನಿನ್ನ ಓರೆಗಣ್ಣಲ್ಲೇ ನೋಡಿ ಹೇಳು."

*

ಹೊರುವಾಗ ಹೊಸ ತೊಂದರೆ ಬಂತು. ಉಳಿದ ಮೂವರೂ ಎತ್ತರದವರು, ನಬೋರ್ ಗಿಡ್ಡ. ಪೆಟ್ಟಿಗೆಗೂ ಅವನ ಹೆಗಲಿಗೂ ನಡುವೆ ನಾಲ್ಕು ಬೆರಳು ಜಾಗ. ಅವನು ತುದಿಗಾಲಲ್ಲಿ ನಿಂತು ನೋಡಿದ, ಆಗಲಿಲ್ಲ. ಎರ್ಲಿಂದಾ ಹೊದ್ದಿದ್ದ ಕರಿ ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಅವನ ಹೆಗಲ ಮೇಲಿಟ್ಟಳು. ಪೆಟ್ಟಿಗೆ ಕೂತಿತು.

ಮನೆಯಿಂದ ಹೊರಟವರು ಮೊದಲು ದಾಟಬೇಕಾದದ್ದು ಅಕ್ಕಪಕ್ಕದ ಆ ಎರಡು ಬಾಗಿಲುಗಳನ್ನೇ. ಕಸುಬಿನವನ ಹೆಣ ಹೋಗುವಾಗ ಬೀದಿಯಲ್ಲಿ ಗರಗಸ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಒಂದೊಂದೇ ವರ್ಕ್‌ಶಾಪಿನ ಯಂತ್ರ ಸದ್ದಡಗಿತು. ಕೊನೆಗೆ ನಡೆಯುವವರ ಹೆಜ್ಜೆ ಮಾತ್ರ ಕೇಳುತ್ತಿತ್ತು.

ಎರಡು ಬಾಗಿಲುಗಳ ನಡುವೆ, ಗೋಡೆ ಬೀದಿಗೆ ಬಂದು ಮುಗಿಯುವ ಕಡೆ, ನಬೋರ್ ನಿಂತುಬಿಟ್ಟ. ಅವನು ನಿಂತದ್ದರಿಂದ ಉಳಿದ ಮೂವರೂ ನಿಂತರು. ಅವನು ಖಾಲಿ ಕೈಯನ್ನು ಎತ್ತಿ, ಕಿವಿಯನ್ನು ಪೆಟ್ಟಿಗೆಯ ಮಗ್ಗುಲಿಗೆ ಒತ್ತಿ, ಬೆರಳ ಗೆಣ್ಣಿನಿಂದ ತಟ್ಟಿದ. ಒಂದು ಏಟು. ಚೆಪೆಯ ಏಳು ಪಟ್ಟಿಗಳೂ ತಮ್ಮ ಕೆಲಸ ಮಾಡಿದವು. ಸದ್ದು ಬೀದಿಯ ತುದಿಯವರೆಗೆ ಕೇಳಿಸಿತು. ಶಾಲಿಲ್ಲದ ಎರ್ಲಿಂದಾ ಹಿಂದೆ ನಿಂತು ಕಾದಳು.

ನಬೋರ್ ಇನ್ನೊಂದು ಏಟು ತಟ್ಟಿದ. ಆಮೇಲೆ ಹೆಗಲು ಸರಿಮಾಡಿಕೊಂಡು ನಡೆದ.